ದಲಾಲರು ಯಾರ ಕಡೆಯವರು?

ಈರುಳ್ಳಿ ಪಟ್ಟಿ ಮುಂದಿಟ್ಕೊಂಡು ಬರೀತಿದ್ದೀನಿ. 112 ಚೀಲ, 56 ಕ್ವಿಂಟಾಲ್. ಸೂಟು ಅಂತ ಚೀಲಕ್ಕೆ ಒಂದು ಕೆಜಿ ಹೋಯ್ತು. ಕ್ವಿಂಟಾಲಿಗೆ 1,400 ರೂಪಾಯಿ. ಕೆಳಗೆ ಹಮಾಲಿ, ಲಾರಿ ಬಾಡಿಗೆ, ಆಮೇಲೆ ಕಮಿಷನ್ 3,841. ಬಿಳಿ ಚೀಟಿ, ಪೆನ್ನಲ್ಲಿ ಗೀಚಿದ್ದು. ಅಂಗಡಿ ಹೆಸರಿಲ್ಲ, ಕೊಂಡವರ ಹೆಸರೂ ಇಲ್ಲ.

ಅದೇ ಲಾರಿಗೆ ಮಾಲು ಹಾಕಿದ್ದ ಪಕ್ಕದೂರಿನ ಹುಡುಗ ಹರಾಜಿನ ಹೊತ್ತಲ್ಲಿ ಅಲ್ಲೇ ನಿಂತಿದ್ದ. ನನ್ನ ಮಾಲಿಗೆ 1,650 ಕೂಗಿದ್ದು ಅವನ ಕಿವಿಗೇ ಬಿದ್ದಿದೆ. ಪಟ್ಟಿಯಲ್ಲಿ ಮಾತ್ರ 1,400. ವಿಚಾರಿಸಿದ್ರೆ, ಮಾಲು ಮೊದಲು ಹೋಗಿದ್ದು ದಲಾಲರ ಭಾವಮೈದನ ಹೆಸರಿನ ಅಂಗಡಿಗೆ. ಹೆಸರು ಅವನದು, ಗಲ್ಲದ ಮೇಲೆ ಕೂರೋದು ಇವರೇ. ಅಲ್ಲಿಂದ ಸಂಜೆ 1,650 ಕೂಗಿದವರ ಲಾರಿಗೆ. ನಡುವೆ 13,720 ರೂಪಾಯಿ. ನಮ್ಮ ನಾಲ್ಕು ತಿಂಗಳ ಬೆಳೆಗೆ ಅವರು ಅರ್ಧ ದಿನದಲ್ಲಿ ಮಾಡ್ಕೊಂಡಿದ್ದು.

ಊರಲ್ಲಿ ಹೇಳಿದ್ರೆ "ಹೋಗ್ಲಿ ಬಿಡಪ್ಪಾ, ಬೀಜಕ್ಕೆ ದುಡ್ಡು ಕೊಟ್ಟ ಸಾವ್ಕಾರ್ರು" ಅಂತಾರೆ. ನನ್ನ ತಕರಾರು ಇರೋದೇ ಇಲ್ಲಿ. ದಲಾಲರನ್ನ ನಾವು ಸಾವ್ಕಾರ್ರು ಅಂತ ಕರೆದು ಕೈ ಮುಗಿದು ನಿಲ್ತೀವಿ. ಕಾನೂನಿನ ಲೆಕ್ಕದಲ್ಲಿ ಅವರು ನಮ್ಮ ಏಜೆಂಟು. ಕೆಲಸ ವಹಿಸಿದವರು ನಾವು. 1872ರ ಕರಾರು ಕಾಯ್ದೆ ಹಾಗೆ ಕೆಲಸ ವಹಿಸಿದವರನ್ನ ಪ್ರಿನ್ಸಿಪಾಲ್ ಅನ್ನುತ್ತೆ (ಕಾಲೇಜಿನವರಲ್ಲ!). ಅದರ ಹತ್ತನೇ ಅಧ್ಯಾಯ ಪೂರ್ತಿ ಇದೇ ಸಂಬಂಧದ ಬಗ್ಗೆ. ವಕೀಲಿಕೆ ಓದಿರೋ ನಮ್ಮ ಅಕ್ಕನ ಮಗನ ಹತ್ರ ಕೂತು ಓದಿಸಿಕೊಂಡೆ.

213ನೇ ಕಲಂ: ಕೇಳಿದಾಗ ಏಜೆಂಟು ಸರಿಯಾದ ಲೆಕ್ಕ ಕೊಡಲೇಬೇಕು. 215: ಒಪ್ಪಿಗೆ ಪಡೆಯದೆ, ಮುಖ್ಯ ಸಂಗತಿ ಮುಚ್ಚಿಟ್ಟು ತಾನೇ ವ್ಯಾಪಾರಕ್ಕೆ ಇಳಿದ್ರೆ ನಾವು ಆ ವ್ಯವಹಾರವನ್ನೇ ಒಪ್ಪದೆ ಇರಬಹುದು. ಅಲ್ಲೊಂದು ಉದಾಹರಣೆ ಇದೆ. ಜಮೀನು ಮಾರಿಕೊಡು ಅಂತ ಒಬ್ಬನಿಗೆ ವಹಿಸ್ತಾರೆ. ಅದರಲ್ಲಿ ಗಣಿ ಇರೋದು ಅವನ ಕಣ್ಣಿಗೆ ಬೀಳುತ್ತೆ. ಬಾಯಿ ಬಿಡದೆ "ನಾನೇ ತಗೊಳ್ತೀನಿ" ಅಂತ ಕೊಳ್ತಾನೆ. ಗೊತ್ತಾದ ಮೇಲೆ ಮಾರಾಟ ಉಳಿಸೋದೋ ಮುರಿಯೋದೋ ಮಾಲೀಕನ ಇಷ್ಟ. ನೂರೈವತ್ತು ವರ್ಷದ ಹಿಂದೆ ಬರೆದಿದ್ದು, ನನ್ನ ಈರುಳ್ಳಿ ಕಥೆನೇ ಓದಿದ ಹಾಗಾಯ್ತು.

ಆದ್ರೆ ಮಾರಾಟ ಮುರಿದು ಏನು ಮಾಡ್ಲಿ? ಈರುಳ್ಳಿ ಯಾರದೋ ಸಾರಿನಲ್ಲಿ ಕರಗಿ ಹೋಗಿದೆ. ನಮಗೆ ಉಪಯೋಗಕ್ಕೆ ಬರೋದು 216. ನಮಗೆ ತಿಳಿಸದೆ ಏಜೆಂಟು ತನ್ನ ಲೆಕ್ಕಕ್ಕೆ ವ್ಯಾಪಾರ ಮಾಡಿ ಗಳಿಸಿದ ಲಾಭವನ್ನ ನಾವು ಕೇಳಿ ಪಡೀಬಹುದು. 220ರ ಪ್ರಕಾರ ಕೆಲಸದಲ್ಲಿ ತಪ್ಪು ನಡೆ ತೋರಿಸಿದವನಿಗೆ ಆ ಕೆಲಸದ ಕೂಲಿಯೂ ಇಲ್ಲ. ಕಮಿಷನ್ ಮಾತು ಬಿಡಿ, ನಮ್ಮ ರಾಜ್ಯದ ಎಪಿಎಂಸಿಯಲ್ಲಿ ಅದನ್ನ ಖರೀದಿದಾರರಿಂದ ತಗೋಬೇಕೇ ಹೊರತು ರೈತನ ಪಟ್ಟಿಯಲ್ಲಿ ಕಡಿಯೋ ಹಾಗೇ ಇಲ್ಲ. ಬಿಳಿ ಚೀಟಿ ಇರೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಕೊಂಡವನು ಓಡಿಹೋದ, ದುಡ್ಡು ಬಂದಿಲ್ಲ, ನಾನೇನು ಮಾಡ್ಲಿ ಅನ್ನೋ ದಲಾಲರೂ ಇದ್ದಾರೆ. 212 ನೋಡಿ. ಕೊಳ್ಳೋನ ಕೈಲಿ ದುಡ್ಡು ಐತಾ ಇಲ್ವಾ ಅಂತ ವಾಡಿಕೆಯಂತೆ ವಿಚಾರಿಸದೆ ಉದ್ರಿ ಕೊಟ್ಟಿದ್ರೆ ನಷ್ಟ ಏಜೆಂಟೇ ತುಂಬಿಕೊಡಬೇಕು.

ಮುಂಗಡದ ಮಾತಿಗೆ ಬರ್ತೀನಿ. ಅವರು ಕೊಟ್ಟ 40,000 ನನ್ನ ಸಾಲ, ಇಲ್ಲ ಅಂದವನಲ್ಲ. ಕೊಡ್ತೀನಿ. ಸಾಲ ಕೊಟ್ಟವರಿಗೆ ಸಾಲ ವಸೂಲಿ ಮಾಡೋ ಹಕ್ಕಿದೆ, ರೇಟು ಮುಚ್ಚಿಡೋ ಹಕ್ಕು ಅದರ ಜೊತೆ ಬರಲ್ಲ. ಎರಡು ಬೇರೆ ಬೇರೆ ಖಾತೆ. ನಮ್ಮ ತಲೆಯಲ್ಲಿ ಎರಡೂ ಕಲಸಿ ಹೋಗಿರೋದ್ರಿಂದಲೇ ಅವರ ವ್ಯಾಪಾರ ಸಲೀಸಾಗಿ ನಡೀತಿರೋದು.

ನಮ್ಮವರೇನು ಸಾಚಾ ಅಲ್ಲ ಕಣ್ರೀ. ಒಂದು ಮಂಡೀಲಿ ಮುಂಗಡ ಹಿಡಿದು ಇನ್ನೊಂದಕ್ಕೆ ಮಾಲು ಇಳಿಸೋರು, ಮೇಲೆ ದಪ್ಪ ಗಡ್ಡೆ, ಚೀಲದ ತಳದಲ್ಲಿ ಗೋಲ್ಟಿ ತುಂಬೋರು ಇದ್ದಾರೆ. ಬೈಗುಳ ತಿನ್ನೋದು ದಲಾಲರು. ನಮ್ಮ ತಪ್ಪಿಂದ ಅವರಿಗೆ ನಷ್ಟ ಆದ್ರೆ ತುಂಬೋ ಹೊಣೆ ನಮ್ಮದು, ಅದೂ 225ನೇ ಕಲಂನಲ್ಲಿದೆ.

ಮೊನ್ನೆ ಅಕ್ಕನ ಮಗನ್ನ ಕರ್ಕೊಂಡು ಹೋದೆ. "ಸಾವ್ಕಾರ್ರೇ, ಹರಾಜಿನ ಪುಸ್ತಕ ತೋರಿಸಿ" ಅಂದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ. "ಏನಪ್ಪಾ, ನಂಬಿಕೆ ಇಲ್ವಾ?" ಅಂದ್ರು. ಟೀ ತರಿಸಿದ್ರು. ಪುಸ್ತಕ ತರಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕಮಿಷನ್ ಹಿಡಿದಿದ್ದ 3,841 ಎಣಿಸಿ ಕೊಟ್ರು. ರೇಟಿನ ವ್ಯತ್ಯಾಸ ಮುಂದಿನ ಲೋಡಲ್ಲಿ ನೋಡೋಣ ಅಂದ್ರು. ನೋಡೋಣ ಅನ್ನೋದು ಲೆಕ್ಕ ಅಲ್ಲ ಅಂತ ಹೇಳಿ, ಲೆಕ್ಕ ಕೇಳಿ ಬರೆದಿದ್ದ ಅರ್ಜಿಗೆ ಸಹಿ ಹಾಕಿಸಿಕೊಂಡು ಬಂದೆ. ಒಂದು ಪ್ರತಿ ಎಪಿಎಂಸಿ ಕಾರ್ಯದರ್ಶಿಗೂ ಕೊಟ್ಟಿದ್ದೀನಿ.

ಹೊಲದಲ್ಲಿ ಇನ್ನೂ 60 ಚೀಲದಷ್ಟು ಒಣಗ್ತಾ ಬಿದ್ದಿದೆ. ಮೋಡ ಬೇರೆ ಕವಿದಿದೆ. ಎಲ್ಲಿಗೆ ಕಳಿಸಬೇಕು ಅಂತ ಮನೇಲಿ ಇನ್ನೂ ಜಗಳ ನಡೀತಿದೆ. ನಿಮ್ಮ ಹತ್ರ ಹಳೇ ಪಟ್ಟಿ ಇದ್ರೆ ತೆಗೆದು ನೋಡಿ, ಕೊಂಡವರ ಹೆಸರು ಬರೆದಿದ್ದಾರಾ ಕೆಳಗೆ ಹೇಳಿ.