ಬಾವಿ ಐತಿ, ನೀರೈತಿ, ಲೇನ್ ಎಲ್ಲೈತಿ?

1/7
ಫೋಟೋದಾಗ ಇರೋದು ನಮ್ಮ ಹೊಲದ ಬಾವಿ. ಸೊಂಟಕ್ಕ ಖಾಲಿ ಕ್ಯಾನ್ ಕಟ್ಟಿ, ಹಗ್ಗದ ತುದಿ ಕಾಕಾನ ಕೈಯಾಗ ಕೊಟ್ಟು ನಾ ಈಸೂದು ಕಲಿತದ್ದು ಇಲ್ಲೇ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಯಾವ ಕಡೆಯವರೇ ಇರ್ರಿ, ನಿಮ್ಮೊಳಗ ಅರ್ಧ ಮಂದಿ ಕಥಿ ಹಿಂಗ ಇರ್ತೈತಿ. ಆದ್ರೂ ಮೊನ್ನೆ ಕ್ಯಾಂಟೀನ್‌ನ್ಯಾಗ ಒಬ್ಬ ದೋಸ್ತ ಅಂದ: "ಸ್ವಿಮ್ಮಿಂಗ್ ಬೆಂಗಳೂರು ಮಂದಿ ಕೆಲಸ ಲೇ, ನಮ್ಮಿಂದ ಆಗೂದಿಲ್ಲ." ಅಲ್ಲಿ ನನಗ ಮಾತು ಬರಲಿಲ್ಲ. ಇಲ್ಲಿ ಉತ್ತರ ಕೊಡ್ತೀನಿ. ಪೂರ್ತಿ ಓದ್ರಿ, ಆಮ್ಯಾಲ ಜಗಳಾಡೂಣು.

2/7
ಹೋದ ವರ್ಷ ಒಂದು ಸ್ಪರ್ಧೆಗೆ ಹೆಸರು ಕೊಟ್ಟಿದ್ದೆ. 50 ಮೀಟರ್ ಫ್ರೀಸ್ಟೈಲ್. ಊರಾಗ ನನ್ನ ಹಿಡಿಯೋರು ಯಾರೂ ಇಲ್ಲ ಅನ್ನೂ ಧಿಮಾಕು. ಸ್ಟಾರ್ಟಿಂಗ್ ಬ್ಲಾಕ್ ಮ್ಯಾಲ ನಿಂತದ್ದು ಅವತ್ತೇ ಮೊದಲು. ಬಾವ್ಯಾಗ ಕಾಲು ಮುಂದ ಮಾಡಿ ಜಿಗಿಯೂ ರೂಢಿ. ಇಲ್ಲಿ ಹೊಟ್ಟಿ ಬಡಿದು ಬಿದ್ದೆ. ಗಾಗಲ್ಸ್ ಒಳಗ ನೀರು. ತಲಿ ಮ್ಯಾಲೆತ್ತಿ ಈಸೂ ಚಟ ಬಿಡಲಿಲ್ಲ. ಪಕ್ಕದ ಲೇನಿನ ಹುಡುಗ ಗ್ವಾಡಿ ಮುಟ್ಟಿ ಹೊರಗ ಬಂದಾಗ ನಾ ಇನ್ನೂ ಹತ್ತು ಮೀಟರ್ ಹಿಂದ. ಕೊನೇ ನಂಬರ್. ಒಬ್ಬರು ನಕ್ಕೋತ ಕೇಳಿದ್ರು, "ಬಾವಿ ಪಾರ್ಟಿ ಏನು?"

ಹೌದ್ರಿ, ಬಾವಿ ಪಾರ್ಟಿ. ನನಗ ತೋಳಿನ ಬಲ ಕಡಿಮಿ ಇರಲಿಲ್ಲ, ಕಲಿಸೋರು ಇರಲಿಲ್ಲ.

3/7
50 ಮೀಟರ್ ಅಂದ್ರ ದೊಡ್ಡ ಕೊಳದ ಒಂದೇ ಉದ್ದ. ಹೊಳ್ಳೂದಿಲ್ಲ. ದೊಡ್ಡ ಸ್ಪ್ರಿಂಟರ್‌ಗಳು ನಡುವ ಒಮ್ಮೆ ಉಸಿರು ತಗೊಂಡ್ರ ಹೆಚ್ಚು. ಬ್ಲಾಕಿನಿಂದ ಜಿಗಿತ, ನೀರೊಳಗ ಹೆಚ್ಚಂದ್ರ 15 ಮೀಟರ್, ಆಮ್ಯಾಲ ಬರೇ ಕೈಕಾಲು, ಕೊನೀಗೆ ಗ್ವಾಡಿ. ಇದನ್ನ ಬಾವ್ಯಾಗ ಕಲಿಯಾಕ ಆಗೂದಿಲ್ಲ. ನಮಗ "ಟ್ಯಾಲೆಂಟ್ ಇಲ್ಲ" ಅನ್ನೋರು ಮೊದಲು ಹೇಳ್ರಿ, ಅಳೆದು ನೋಡಾಕ ಜಾಗ ಎಲ್ಲಿ ಕೊಟ್ಟೀರಿ?

4/7
ಈಗ ಒಬ್ಬರ ಕಥಿ. ವೀರಧವಲ ಖಾಡೆ. ಊರು ಕೊಲ್ಹಾಪುರ. ಬೆಳಗಾವಿ ದಾಟಿ ಹೈವೇ ಹಿಡಿದ್ರ ನಮಗ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಅವರು ಬೆಂಗಳೂರಿಗೆ ಬಂದು ನಿಹಾರ್ ಅಮೀನ್ ಅವರ ಹತ್ರ ತರಬೇತಿ ತಗೊಂಡ್ರು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 50, 100, 200 ಮೀಟರ್ ಫ್ರೀಸ್ಟೈಲ್ ಈಸಿದಾಗ ವಯಸ್ಸು 16. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 50 ಮೀಟರ್ ಬಟರ್‌ಫ್ಲೈನಲ್ಲಿ ಕಂಚು. ಏಷ್ಯನ್ ಗೇಮ್ಸ್ ಈಜಿನಲ್ಲಿ ಭಾರತಕ್ಕೆ 1986ರ ನಂತರ ಬಂದ ಮೊದಲ ಪದಕ ಅದು. ಅಂದ್ರ ಬೆಂಗಳೂರಿನ್ಯಾಗ ಹುಟ್ಟಬೇಕು ಅಂತೇನಿಲ್ಲ, ಕೊಳ ಮತ್ತು ಕೋಚ್ ಸಿಗಬೇಕು ಅಷ್ಟ.

5/7
ಪದಕದ ನಂತರ ಅವರಿಗೆ ಮಹಾರಾಷ್ಟ್ರದಾಗ ತಹಶೀಲ್ದಾರ ಹುದ್ದೆ ಸಿಕ್ತು. ನಮ್ಮ ಮನಿಗಳಾಗ ಇಲ್ಲಿಗೆ ಕಥಿ ಸುಖಾಂತ್ಯ! ಆದ್ರ ಕೆಲಸದಿಂದಾಗಿ ಕೊಳದಿಂದ ವರ್ಷಗಟ್ಟಲೆ ದೂರ ಆದ್ರು. ಆಮ್ಯಾಲ ಮತ್ತ ತಯಾರಾಗಿ 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ಗೆ ಹೋದ್ರು. 50 ಮೀಟರ್ ಫ್ರೀಸ್ಟೈಲ್ ಹೀಟ್ಸ್‌ನಲ್ಲಿ 22.43 ಸೆಕೆಂಡು, ರಾಷ್ಟ್ರೀಯ ದಾಖಲೆ. ಫೈನಲ್‌ನಲ್ಲಿ 22.47. ಕಂಚು ಗೆದ್ದವನದ್ದು 22.46.

0.01 ಸೆಕೆಂಡು. ಆ ವೇಗದಾಗ ಲೆಕ್ಕ ಹಾಕಿದ್ರ ಸುಮಾರು ಎರಡು ಸೆಂಟಿಮೀಟರ್. ನಡುವಿನ ವರ್ಷಗಳು ನೀರಾಗ ಕಳೆದಿದ್ರ ಪದಕ ಬಂದೇ ಬರ್ತಿತ್ತು ಅಂತ ನಾ ಹೇಳಂಗಿಲ್ಲ. ಆದ್ರ ಆ ಎರಡು ಸೆಂಟಿಮೀಟರ್ ಯಾವ ಕಡೆ ಸರೀತಿತ್ತು ಅಂತ ಕೇಳಬಹುದಲ್ಲ? ನೌಕರಿ ಕೊಟ್ಟದ್ದು ತಪ್ಪಲ್ಲ. ಆಟಗಾರನಿಗೆ ಕೊಡೂ ಪಗಾರ ಆಟ ಮುಂದುವರಿಸಾಕ ಇರಬೇಕು, ಆಟ ಬಿಡಿಸಾಕ ಅಲ್ಲ. 2023ರ ಗೋವಾ ರಾಷ್ಟ್ರೀಯ ಕ್ರೀಡಾಕೂಟದಾಗ, 32ರ ವಯಸ್ಸಿನ್ಯಾಗ, ಇದೇ 50 ಮೀಟರ್ ಚಿನ್ನ ಗೆದ್ದು ಅವರು ನಿವೃತ್ತಿ ಆದ್ರು.

6/7
ಹುಡುಗೀರ ಮಾತಿಗೆ ಬರ್ತೀನಿ. ಕಿತ್ತೂರು ಉತ್ಸವ ಬಂದ್ರ ನಾವೆಲ್ಲಾರೂ ಚೆನ್ನಮ್ಮನ ಸ್ಟೇಟಸ್ ಹಾಕ್ತೀವಿ. ಆದ್ರ ನನ್ನ ತಂಗಿಗೆ ಬಾವಿ ದಂಡಿಗೆ ಬರಾಕೂ ಬಿಡಲಿಲ್ಲ. ನಾನೂ ಸುಮ್ಮನ ಇದ್ದೆ, ಅದು ನನ್ನ ತಪ್ಪು. ಬೆಂಗಳೂರಿನ ಶಿಖಾ ಟಂಡನ್ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ 50 ಮತ್ತು 100 ಮೀಟರ್ ಫ್ರೀಸ್ಟೈಲ್ ಎರಡರಾಗೂ ಈಸಿದ್ರು. ಮುಂದ ಅಮೆರಿಕದಾಗ ವಿಜ್ಞಾನ ಓದಿ, ಅಲ್ಲಿನ ಉದ್ದೀಪನ ಮದ್ದು ತಡೆ ಸಂಸ್ಥೆಯಲ್ಲಿ ಕೆಲಸ ಮಾಡಿದ್ರು. "ಈಸಿದ್ರ ಓದು ಹಾಳಾಗ್ತೈತಿ" ಅನ್ನೋ ಅಪ್ಪಂದಿರಿಗೆ ಈ ಸಾಲು ತೋರಸ್ರಿ.

ಇನ್ನ "ಬ್ಯಾಸಿಗ್ಯಾಗ ಕುಡಿಯಾಕ ನೀರಿಲ್ಲ, ಕೊಳ ಬೇಕಂತ" ಅನ್ನೋರಿಗೆ ಬಿ.ಕಾಂ. ಲೆಕ್ಕ. 25 ಮೀಟರ್ ಉದ್ದ, 12.5 ಮೀಟರ್ ಅಗಲ, ಒಂದೂವರೆ ಮೀಟರ್ ಆಳ: ಸುಮಾರು 4.7 ಲಕ್ಷ ಲೀಟರ್. ಎರಡು ಎಕರೆ ಕಬ್ಬಿಗೆ ಒಮ್ಮೆ ನೀರು ಹಾಯಿಸಿದಷ್ಟು. ಕಬ್ಬಿನ ನೀರು ಹೊಳ್ಳಿ ಬರೂದಿಲ್ಲ. ಕೊಳದ ನೀರು ಫಿಲ್ಟರ್ ಆಗಿ ಮತ್ತ ಅಲ್ಲೇ ಬರ್ತೈತಿ. ಆವಿ ಆಗಿ ಹೋದಷ್ಟು, ತೊಳೆಯಾಕ ಬಳಸಿದಷ್ಟು ತುಂಬಿದ್ರ ಸಾಕು.

7/7
ಕೊನೇ ಫೋಟೋ ನವಿಲುತೀರ್ಥ ಡ್ಯಾಂ. ಮಲಪ್ರಭೆ ಇಲ್ಲಿ ನಿಂತು, ಆಮ್ಯಾಲ ರಾಮದುರ್ಗದ ಕಡೆ ಹೋಗ್ತಾಳ. ಇಷ್ಟು ನೀರಿನ ದಂಡಿಗೆ ಇದ್ದೂ ಈಸು ಬರದ ಹುಡುಗರು ಕಾಲುವ್ಯಾಗ, ಕೃಷಿ ಹೊಂಡದಾಗ ಮುಳುಗಿದ ಸುದ್ದಿ ನಾವು ಓದ್ತೀವಿ, ಎರಡು ದಿನ "ಓಂ ಶಾಂತಿ" ಹಾಕಿ ಮರೀತೀವಿ. ಪದಕದ ಮಾತು ಬಿಡ್ರಿ, ಜೀವ ಉಳಿಯಾಕಾದ್ರೂ ಬ್ಯಾಡೇನು?

ನನ್ನ ಬೇಡಿಕೆ ಮೂರ. ಬಸ್ಸಿನ್ಯಾಗ ದಿನಾ ಹೋಗಿ ಬರೂವಷ್ಟು ದೂರದಾಗ ಒಂದು 25 ಮೀಟರ್ ಕೊಳ. ಪಗಾರ ಇರೂ ಒಬ್ಬ ಕೋಚ್. ಹುಡುಗೀರಿಗೆ ಅವರದೇ ಟೈಮು. ಉದ್ಘಾಟನೆ ಆಗಿ ಬೀಗ ಬೀಳೂ ಕೊಳ ಬ್ಯಾಡ.

ಅರ್ಜಿ ಬರೆದು ಇಟ್ಟೀನಿ. ಸೋಮವಾರ ಲಂಚ್ ಬ್ರೇಕಿನ್ಯಾಗ ಲೈಬ್ರರಿ ಮುಂದ ನಿಂತಿರ್ತೀನಿ. ಲೈಕ್ ಒತ್ತಿ ಹೋಗಬ್ಯಾಡ್ರಿ, ಬಂದು ಸಹಿ ಹಾಕ್ರಿ. ಕ್ಯಾಂಟೀನ್ ದೋಸ್ತ, ಮೊದಲ ಸಹಿ ನಿಂದ.

#ಬಾವಿಪಾರ್ಟಿ #ಬೈಲಹೊಂಗಲ #ಕಿತ್ತೂರು #ಸವದತ್ತಿ #ರಾಮದುರ್ಗ #ನಮಗೂಒಂದುಲೇನ್