ಕಂಬ ಅಂಗಡಿಯವರದ್ದಲ್ಲ, ಇಡೀ ಕಟ್ಟಡದ್ದು

ಮಳೆಗಾಲ ಬಂತೆಂದರೆ ಮುಂಬಯಿಯಲ್ಲಿ ಕಟ್ಟಡ ಕುಸಿತದ ಸುದ್ದಿ ತಪ್ಪುವುದಿಲ್ಲ. ಎರಡು ದಿನ ಪತ್ರಿಕೆಯಲ್ಲಿ ಫೋಟೊ, ಮೃತರ ಕುಟುಂಬಕ್ಕೆ ಪರಿಹಾರದ ಘೋಷಣೆ, ತನಿಖೆಗೆ ಆದೇಶ. ಮೂರನೇ ದಿನ ನಾವೆಲ್ಲ ಎಂದಿನ ಲೋಕಲ್ ಹಿಡಿದು ಕೆಲಸಕ್ಕೆ ಹೋಗುತ್ತೇವೆ. ಮಳೆಯನ್ನು ದೂರಿ ಸುಮ್ಮನಾಗುವುದು ನಮಗೆ ರೂಢಿಯಾಗಿದೆ. ಆದರೆ ಕೆಲವು ದುರಂತಗಳ ವಿವರ ಓದಿದರೆ ಬೇರೆಯೇ ಚಿತ್ರ ಕಾಣುತ್ತದೆ.

2007ರ ಜುಲೈ 18ರಂದು ಬೊರಿವಲಿಯ ಲಕ್ಷ್ಮೀ ಛಾಯಾ ಕಟ್ಟಡ ಕುಸಿದು ಸುಮಾರು 30 ಮಂದಿ ಸತ್ತರು. 2013ರ ಸೆಪ್ಟೆಂಬರ್ 27ರಂದು ಮಜ್‌ಗಾಂವ್‌ನ ಬಾಬು ಗೇನು ಮಾರ್ಕೆಟ್ ಕಟ್ಟಡ ಕುಸಿದು 61 ಮಂದಿ ಸತ್ತರು; ಅದು ಮಹಾನಗರ ಪಾಲಿಕೆಯ ಸ್ವಂತ ಕಟ್ಟಡ, ಅಲ್ಲಿದ್ದವರು ಪಾಲಿಕೆಯ ನೌಕರರ ಕುಟುಂಬಗಳು. 2017ರ ಜುಲೈ 25ರಂದು ಘಾಟ್‌ಕೋಪರ್‌ನ ದಾಮೋದರ ಪಾರ್ಕ್‌ನಲ್ಲಿ ಸಾಯಿ ದರ್ಶನ್ ಕಟ್ಟಡ ಕುಸಿದು 17 ಮಂದಿ ಸತ್ತರು. ಈ ಮೂರೂ ಪ್ರಕರಣಗಳಲ್ಲಿ ಕೇಳಿಬಂದ ಮುಖ್ಯ ಆರೋಪ ಒಂದೇ. ನೆಲ ಅಂತಸ್ತಿನಲ್ಲಿ ಅಂಗಡಿ, ಗೋದಾಮು ಅಥವಾ ನರ್ಸಿಂಗ್ ಹೋಮ್ ಇದ್ದ ಜಾಗದಲ್ಲಿ ಗೋಡೆ, ಕಂಬಗಳಿಗೆ ಕೈ ಹಾಕಿದ್ದು.

ನಾನು ಇಂಜಿನಿಯರ್ ಅಲ್ಲ, ಬ್ಯಾಂಕಿನ ಗುಮಾಸ್ತ. ಆದರೆ ಲೆಕ್ಕ ಬರೆಯುವವನಿಗೆ ಈ ವಿಷಯ ಅರ್ಥವಾಗದಷ್ಟು ಕಷ್ಟದ್ದಲ್ಲ. ಸ್ಲ್ಯಾಬಿನ ಭಾರ ಬೀಮಿಗೆ, ಬೀಮಿನ ಭಾರ ಕಂಬಕ್ಕೆ, ಕಂಬದ ಭಾರ ಅಡಿಪಾಯದ ಫೂಟಿಂಗಿಗೆ, ಅಲ್ಲಿಂದ ಭೂಮಿಗೆ ಹೋಗುತ್ತದೆ. ಒಂದು ಕಂಬ ಕಡಿದರೆ ಅದರ ಭಾರ ಮಾಯವಾಗುವುದಿಲ್ಲ, ಪಕ್ಕದ ಕಂಬಗಳ ಖಾತೆಗೆ ಜಮೆಯಾಗುತ್ತದೆ. ಆ ಕಂಬಗಳಾಗಲಿ ಅವುಗಳ ಫೂಟಿಂಗ್‌ಗಳಾಗಲಿ ಅಷ್ಟು ಭಾರಕ್ಕೆ ಕಟ್ಟಿದವಲ್ಲ. ಕಟ್ಟಡ ಎಲ್ಲ ಕಡೆ ಸಮನಾಗಿ ಒಂದಿಷ್ಟು ಇಳಿದರೆ ದೊಡ್ಡ ಅಪಾಯವಿಲ್ಲ. ಒಂದು ಬದಿ ಮಾತ್ರ ಹೆಚ್ಚು ಇಳಿದರೆ ಬಿರುಕು ಬೀಳುತ್ತದೆ, ಬಾಗಿಲು ಕಿಟಕಿ ಹಾಕಲು ಬಾರದಂತಾಗುತ್ತದೆ. ಅದನ್ನು ಪ್ಲಾಸ್ಟರ್ ಹಚ್ಚಿ ಮುಚ್ಚುವುದೆಂದರೆ ಜ್ವರ ನೋಡುವ ಥರ್ಮಾಮೀಟರನ್ನೇ ಬಿಸಾಡಿದಂತೆ.

ಮುಂಬಯಿಯ ನೆಲವೂ ಎಲ್ಲ ಕಡೆ ಒಂದೇ ಬಗೆಯದಲ್ಲ. ಏಳು ದ್ವೀಪಗಳ ನಡುವಿನ ನೀರು, ಕೆಸರು ತುಂಬಿಸಿ ಮಾಡಿದ ಊರಿದು. ಒಂದು ಕಡೆ ಕರಿಬಂಡೆ ಮೇಲೆಯೇ ಸಿಗುತ್ತದೆ, ಇನ್ನೊಂದು ಕಡೆ ಖಾಡಿಯ ಮೆತ್ತನೆಯ ಜೇಡಿ ದಾಟಿ ಆಳಕ್ಕೆ ಇಳಿಯಬೇಕು. ಅದಕ್ಕಾಗಿಯೇ ಮೊದಲು ಬೋರ್ ಕೊರೆದು ಮಣ್ಣು ಪರೀಕ್ಷೆ ಮಾಡಿಸಬೇಕು. ಅಡಿಪಾಯ ನೆಲಮಟ್ಟದಿಂದ ಕನಿಷ್ಠ 50 ಸೆಂಟಿಮೀಟರ್ ಕೆಳಗಿರಬೇಕು, ಫೂಟಿಂಗಿನ ಕಬ್ಬಿಣದ ಮೇಲೆ ಕನಿಷ್ಠ 50 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆ ಇರಬೇಕು ಎಂದು ಭಾರತೀಯ ಮಾನಕಗಳು ಹೇಳುತ್ತವೆ. ಇವು ಕನಿಷ್ಠ ಮಿತಿಗಳು ಮಾತ್ರ. ನಿಜವಾದ ಆಳವನ್ನು ಆ ಜಾಗದ ಮಣ್ಣು ನೋಡಿಯೇ ತೀರ್ಮಾನಿಸಬೇಕು. ಹೊಸ ಕಟ್ಟಡಕ್ಕೆ ಪಾಲಿಕೆ ಸಾಮಾನ್ಯವಾಗಿ ಮೊದಲು ಪ್ಲಿಂಥ್ ತನಕ ಮಾತ್ರ ಅನುಮತಿ ಕೊಡುತ್ತದೆ. ಪ್ಲಿಂಥ್ ನಕ್ಷೆಯಂತೆ ಇದೆ ಎಂದು ಖಾತ್ರಿಯಾದ ಮೇಲೆ ಮುಂದಿನ ಅಂತಸ್ತುಗಳ ಅನುಮತಿ. ಊರಿನಲ್ಲಿ ಮನೆ ಕಟ್ಟುವಾಗ ಕೆಸರುಕಲ್ಲು ಹಾಕಲು ಮುಹೂರ್ತ ನೋಡಿ, ಪಂಚಾಂಗದ ಕೆಲಸ ಮುಗಿಯುವ ತನಕ ಎದುರು ನಿಂತು ನೋಡುವವರು ನಾವು. ಇಲ್ಲಿ ಮಾತ್ರ ಟೈಲ್ಸ್ ಮತ್ತು ಮಾಡ್ಯುಲರ್ ಕಿಚನ್ ನೋಡಿ ಫ್ಲ್ಯಾಟ್ ಬುಕ್ ಮಾಡುತ್ತೇವೆ.

ಅಡಿಪಾಯದ ಯಾವ ನಿಯಮಕ್ಕೂ ಒಳಪಡದ ಕಟ್ಟಡಗಳೂ ಇವೆ. 2013ರ ಏಪ್ರಿಲ್ 4ರಂದು ಮುಂಬ್ರಾ ಬಳಿ ಶೀಲ್ ಫಾಟಾದಲ್ಲಿ ಅನಧಿಕೃತ ಕಟ್ಟಡ ಕುಸಿದು 74 ಮಂದಿ ಸತ್ತರು. 2025ರ ಆಗಸ್ಟ್ ಕೊನೆಯಲ್ಲಿ ವಿರಾರ್ ಪೂರ್ವದ ರಮಾಬಾಯಿ ಅಪಾರ್ಟ್‌ಮೆಂಟ್ ಕುಸಿದು 17 ಮಂದಿ ಸತ್ತರು, ಅದೂ ಅನಧಿಕೃತವೇ. ವಿರಾರ್, ನಾಲಾಸೋಪಾರ, ದಿವಾ, ಡೊಂಬಿವಲಿ ಕಡೆಗಳಲ್ಲಿ ನಮ್ಮವರು ಸಾವಿರಾರು ಮಂದಿ ಇದ್ದಾರೆ. ಎರಡು ಲಕ್ಷ ಕಡಿಮೆಗೆ ಸಿಗುತ್ತದೆಂದು ಓ.ಸಿ. ಇಲ್ಲದ ಮನೆ ಕೊಳ್ಳುವ ಮುನ್ನ ಆ ಎರಡು ಲಕ್ಷ ಯಾವ ಕೆಲಸದಲ್ಲಿ ಉಳಿಯಿತು ಎಂದು ಒಮ್ಮೆ ಕೇಳಿಕೊಳ್ಳಬೇಕು.

ಈಗ ಸ್ವಲ್ಪ ಕಹಿಯಾದರೂ ಹೇಳಲೇಬೇಕಾದ ಮಾತು. ಮುಂಬಯಿಯ ನೆಲ ಅಂತಸ್ತುಗಳಲ್ಲಿ ಹೋಟೆಲ್ ನಡೆಸಿ ಹೆಸರು ಮಾಡಿದವರು ನಮ್ಮವರು. ಆ ಶ್ರಮದ ಬಗ್ಗೆ ನಮಗೆಲ್ಲ ಹೆಮ್ಮೆಯಿದೆ. ಆದರೆ ಹೋಟೆಲ್ ನವೀಕರಣವೆಂದರೆ ಜಾಗ ಹೆಚ್ಚಿಸುವುದು, ಗೋಡೆ ತೆಗೆಯುವುದು, ಕೆಳಗೆ ನೀರಿನ ಟ್ಯಾಂಕ್ ಅಗೆಯುವುದು, ಮೇಲೆ ಮಾಳಿಗೆ ಹಾಕುವುದು. ನಾನು ಖಜಾಂಚಿಯಾಗಿರುವ ಸೊಸೈಟಿಯಲ್ಲೂ ಇಂಥ ಸಂದರ್ಭ ಬಂದಿತ್ತು. ಕೆಲಸ ನಿಲ್ಲಿಸಿ ಇಂಜಿನಿಯರರ ಪತ್ರ ತನ್ನಿ ಎಂದಾಗ, "ಏನು ಮಾರಾಯ್ರೆ, ನಾವು ನಾವೇ ಹೀಗೆ ಮಾಡುವುದಾ?" ಎಂದು ಮಾಲಕರು ನೊಂದುಕೊಂಡರು. ಸಮಿತಿಯಲ್ಲೂ ಇಬ್ಬರು "ನಮ್ಮ ಊರಿನವರು, ಬಿಟ್ಟುಬಿಡಿ" ಎಂದರು. ಕೊನೆಗೆ ಇಂಜಿನಿಯರ್ ಬಂದು ಎರಡು ಗೋಡೆಗಳಿಗೆ ಒಪ್ಪಿಗೆ ಕೊಟ್ಟರು, ಮೂರನೆಯದನ್ನು ಮುಟ್ಟಬಾರದೆಂದರು. ಹೋಟೆಲ್ ಇಂದಿಗೂ ನಡೆಯುತ್ತಿದೆ. ಅವರು ನನ್ನೊಡನೆ ಮೊದಲಿನಷ್ಟು ಮಾತನಾಡುವುದಿಲ್ಲ. ಇರಲಿ, ಮೇಲೆ ಇಪ್ಪತ್ತು ಸಂಸಾರಗಳು ನೆಮ್ಮದಿಯಿಂದ ಮಲಗುತ್ತವೆ. ಆ ಹೋಟೆಲಿನ ಹುಡುಗರೂ ಅದೇ ಮಾಡಿನ ಕೆಳಗೆ ಮಲಗುತ್ತಾರೆ.

ಕಾನೂನು ಏನು ಹೇಳುತ್ತದೆ? ಮುಂಬಯಿ ಮಹಾನಗರ ಪಾಲಿಕೆ ಕಾಯ್ದೆಯ 353ಬಿ ಕಲಮಿನ ಪ್ರಕಾರ 30 ವರ್ಷ ದಾಟಿದ ಕಟ್ಟಡವನ್ನು ನೋಂದಾಯಿತ ಸ್ಟ್ರಕ್ಚರಲ್ ಇಂಜಿನಿಯರ್ ಪರೀಕ್ಷಿಸಿ ಪ್ರಮಾಣಪತ್ರ ಕೊಡಬೇಕು, ಆ ಬಳಿಕ ಹತ್ತು ವರ್ಷಕ್ಕೊಮ್ಮೆ. ಥಾಣೆ, ಕಲ್ಯಾಣ ಮೊದಲಾದ ಪಾಲಿಕೆಗಳಿಗೆ ಅನ್ವಯಿಸುವ ಕಾಯ್ದೆಯಲ್ಲೂ 265ಎ ಎಂಬ ಇಂಥದೇ ಕಲಮು ಇದೆ. ಸೊಸೈಟಿಗಳ ಮಾದರಿ ಉಪವಿಧಿ ಇನ್ನೂ ಬಿಗಿಯಾಗಿದೆ. 15ರಿಂದ 30 ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, 30 ದಾಟಿದ್ದಕ್ಕೆ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್.

ಹಣ ಎಲ್ಲಿಂದ ಎಂದು ಕೇಳುವವರಿಗೆ ಒಂದು ಲೆಕ್ಕ. ಅದೇ ಉಪವಿಧಿ ಸಿಂಕಿಂಗ್ ಫಂಡಿಗೆ ಫ್ಲ್ಯಾಟಿನ ನಿರ್ಮಾಣ ವೆಚ್ಚದ ಮೇಲೆ ವರ್ಷಕ್ಕೆ ಕನಿಷ್ಠ ಶೇ. 0.25, ದುರಸ್ತಿ ನಿಧಿಗೆ ಶೇ. 0.75 ವಂತಿಗೆ ಹೇಳುತ್ತದೆ. ಜಾಗದ ಬೆಲೆ ಇದರಲ್ಲಿ ಸೇರದು. ನಿರ್ಮಾಣ ವೆಚ್ಚ 10 ಲಕ್ಷ ಎಂದಿಟ್ಟುಕೊಂಡರೆ ವರ್ಷಕ್ಕೆ 2,500 ಮತ್ತು 7,500, ಒಟ್ಟು 10,000 ರೂಪಾಯಿ. ತಿಂಗಳಿಗೆ 833 ರೂ. ಚಿಲ್ಲರೆ. ಇಪ್ಪತ್ತು ಮನೆಗಳ ಸೊಸೈಟಿ ಹತ್ತು ವರ್ಷ ತಪ್ಪದೆ ಕಟ್ಟಿದರೆ ಬಡ್ಡಿ ಬಿಟ್ಟು 20 ಲಕ್ಷ. ಮೇಂಟೆನೆನ್ಸ್ ಕಡಿಮೆ ಇಟ್ಟ ಸಮಿತಿಯೇ ಒಳ್ಳೆಯ ಸಮಿತಿ ಎಂಬ ಭಾವನೆಯನ್ನು ನಾವು ಬಿಡಬೇಕು.

ಆಡಿಟ್ ಎಂದರೆ ಹಲವರಿಗೆ ಭಯ. ಸಿ-1 ಎಂದು ಬರೆದರೆ ಮನೆ ಖಾಲಿ ಮಾಡಬೇಕು. ಬಾಡಿಗೆ, ಮಕ್ಕಳ ಶಾಲೆ, ಮರಳಿ ಮನೆ ಸಿಗುವುದೋ ಇಲ್ಲವೋ ಎಂಬ ಚಿಂತೆ. ಈ ಭಯ ಸುಳ್ಳಲ್ಲ. ಆದರೆ ಸಿ-2ಎ, ಸಿ-2ಬಿ, ಸಿ-3 ಎಂಬ ವರ್ಗಗಳೂ ಇವೆ. ಅವುಗಳಲ್ಲಿ ದುರಸ್ತಿಗೆ ಅವಕಾಶವಿದೆ. ಸಿ-2ಬಿ ಆದರೆ ಮನೆ ಖಾಲಿ ಮಾಡದೆಯೇ ದುರಸ್ತಿ ಮಾಡಬಹುದು. ಎರಡು ಆಡಿಟ್ ವರದಿಗಳು ಪರಸ್ಪರ ವಿರುದ್ಧವಾಗಿದ್ದರೆ ಪಾಲಿಕೆಯ ತಾಂತ್ರಿಕ ಸಲಹಾ ಸಮಿತಿಯ ಮುಂದೆ ಹೋಗಬಹುದು. ಕೆಡಹುವ ಮೊದಲು ಪ್ರತಿಯೊಬ್ಬ ನಿವಾಸಿಯ ಕಾರ್ಪೆಟ್ ಏರಿಯಾ ಅಳೆದು ದಾಖಲಿಸುವ ಕ್ರಮವೂ ಇದೆ. ಆ ದಾಖಲೆಯನ್ನು ಕೇಳಿ ಪಡೆಯುವುದು ನಮ್ಮ ಹಕ್ಕು. ಬೇಗ ಆಡಿಟ್ ಮಾಡಿಸಿದಷ್ಟೂ ದುರಸ್ತಿಯಲ್ಲೇ ಮುಗಿಯುವ ಸಂಭವ ಹೆಚ್ಚು.

ನೆರೆಮನೆಯ ಪುನರ್ನಿರ್ಮಾಣದ ಮೇಲೂ ಕಣ್ಣಿಡಬೇಕು. 2018ರ ಜೂನ್ 25ರಂದು ವಡಾಲದ ಲಾಯ್ಡ್ಸ್ ಎಸ್ಟೇಟ್ ಪಕ್ಕದಲ್ಲಿ ಅಡಿಪಾಯಕ್ಕೆ ಅಗೆದ ಹೊಂಡಕ್ಕೆ ಕಾಂಪೌಂಡ್ ಗೋಡೆ, ರಸ್ತೆ, ನಿಲ್ಲಿಸಿದ ಕಾರುಗಳು ಕುಸಿದು ಬಿದ್ದವು. ಅದೃಷ್ಟವಶಾತ್ ಜೀವಹಾನಿ ಆಗಲಿಲ್ಲ.

ಕೊನೆಯದಾಗಿ ನಮ್ಮ ಸಂಘ ಸಂಸ್ಥೆಗಳಿಗೆ ಒಂದು ವಿನಂತಿ. ಹೋಟೆಲ್ ಮಾಲಕರು, ಫ್ಲ್ಯಾಟಿನವರು, ಇಂಜಿನಿಯರ್‌ಗಳು, ಬಿಲ್ಡರ್‌ಗಳು ಒಂದೇ ಚಾವಣಿಯಡಿ ಕೂರುವ ಜಾಗವೆಂದರೆ ಸಂಘ. ಯಕ್ಷಗಾನ, ಶನಿಪೂಜೆ, ಅರಸಿನ ಕುಂಕುಮ, ವಿದ್ಯಾರ್ಥಿವೇತನ ವಿತರಣೆ ಎಲ್ಲವೂ ನಡೆಯಲಿ. ಜತೆಗೆ ಮಳೆಗಾಲಕ್ಕೆ ಮೊದಲು ಒಂದು ಭಾನುವಾರ ನಮ್ಮವರೇ ಆದ ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರನ್ನು ಕರೆಸಿ ಕನ್ನಡದಲ್ಲಿ ಮಾಹಿತಿ ಶಿಬಿರ ಇಡಲಿ. ಸಂಘದ ಸ್ವಂತ ಸಭಾಗೃಹವಿದ್ದರೆ ಅದರ ಆಡಿಟ್ ವರದಿಯನ್ನು ಮಹಾಸಭೆಯಲ್ಲಿ ಓದಲಿ. ನೂರಾರು ಮಂದಿ ಸೇರುವ ಜಾಗ ಅದು. ಲೆಕ್ಕಪತ್ರದ ಆಡಿಟ್ ಇಲ್ಲದೆ ನಾವು ಮಹಾಸಭೆ ಮುಗಿಸುವುದಿಲ್ಲ. ಕಟ್ಟಡದ ಆಡಿಟನ್ನೂ ಹಾಗೆಯೇ ಕೇಳುವ ಅಭ್ಯಾಸವನ್ನು ಈ ವರ್ಷದ ಮಹಾಸಭೆಯಿಂದಲೇ ಆರಂಭಿಸೋಣ.