ಸಂಕೇತ ಭಂಡಾರಕ್ಕೊಬ್ಬ ಪಾರುಪತ್ಯಗಾರ ಬೇಕು

ಬೆಂಗಳೂರಿನಲ್ಲಿ 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪಿತವಾದಂದಿನಿಂದ ಸುತ್ತಣ ಗ್ರಾಮಗಳ ತರುಣರಿಗೆ ಎಲೆಕ್ಟ್ರಾನಿಕ್ಸ್ ಒಂದು ಜೀವನೋಪಾಯದ ವಿದ್ಯೆಯಾಗಿದೆ. ಮಧುರೆಯಂಥ ಊರುಗಳಲ್ಲಿ ಅಕ್ಷರ ಕಲಿತ ಮಕ್ಕಳು ಡಿಪ್ಲೊಮಾ, ಎಂಜಿನಿಯರಿಂಗ್ ತರಗತಿಗಳಿಗೆ ಹೋಗಿ ಗಣಕಯಂತ್ರದ ಮೇಲೆ ಸರ್ಕೀಟುಗಳನ್ನು ರಚಿಸುವುದು ಸಂತೋಷದ ಸಂಗತಿ. ಆದರೆ ಅವರು ಬಳಸುವ ಸಂಕೇತಗಳ ವಿಷಯದಲ್ಲಿ ವಿದ್ಯಾಸಂಸ್ಥೆಗಳು ತೋರಬೇಕಾದಷ್ಟು ಎಚ್ಚರವನ್ನು ತೋರುತ್ತಿಲ್ಲವೆಂಬುದು ನನ್ನ ಅಭಿಪ್ರಾಯ.

ತಂತ್ರಾಂಶದಲ್ಲಿ ಪ್ರತಿಯೊಂದು ಬಿಡಿಭಾಗಕ್ಕೂ ಒಂದು ಸಂಕೇತವಿರುತ್ತದೆ. ಸಿದ್ಧ ಭಂಡಾರದಲ್ಲಿ ದೊರೆಯದ ಭಾಗಕ್ಕೆ ವಿದ್ಯಾರ್ಥಿಯೇ ಸಂಕೇತ ಬರೆದುಕೊಳ್ಳುತ್ತಾನೆ. ಚಿತ್ರ ಅಂದವಾಗಿದ್ದರೆ ಸಾಲದು. ಪಿನ್ನುಗಳ ಸಂಖ್ಯೆ ಸರಿಯಿರಬೇಕು. ಬಿಸಿ547 ಮತ್ತು 2ಎನ್3904 ಎಂಬ ಟ್ರಾನ್ಸಿಸ್ಟರುಗಳೆರಡೂ ಎನ್‌ಪಿಎನ್ ಜಾತಿಯವು. ಆಕಾರವೂ ಒಂದೇ, ಸಂಕೇತದ ಚಿತ್ರವೂ ಒಂದೇ. ಚಪ್ಪಟೆ ಮುಖವನ್ನು ನಮ್ಮತ್ತ ಹಿಡಿದರೆ ಮೊದಲನೆಯದರ ಕಾಲುಗಳು ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಎರಡನೆಯದರಲ್ಲಿ ಎಮಿಟರ್, ಬೇಸ್, ಕಲೆಕ್ಟರ್. ಒಂದರ ಸಂಕೇತವನ್ನು ನಕಲು ಮಾಡಿ ಹೆಸರನ್ನಷ್ಟೇ ಬದಲಾಯಿಸಿದರೆ ನಕ್ಷೆ ನಿರ್ದುಷ್ಟವಾಗಿಯೇ ತೋರುತ್ತದೆ. ತಂತ್ರಾಂಶದ ಪರೀಕ್ಷೆಯೂ ಸಂಕೇತ ಹೇಳಿದ್ದನ್ನೇ ನಂಬುವುದರಿಂದ ತಪ್ಪು ಹೊರಬೀಳುವುದು ಫಲಕ ಸಿದ್ಧವಾಗಿ ಬಂದ ಮೇಲೆಯೇ. ದೊಡ್ಡಬಳ್ಳಾಪುರದ ನೇಕಾರರಿಗೆ ಇದನ್ನು ವಿವರಿಸಬೇಕಾಗಿಲ್ಲ: ಜಕಾರ್ಡ್ ಕಾರ್ಡಿನಲ್ಲಿ ಒಂದು ತೂತು ತಪ್ಪಿದರೆ ಆ ದೋಷ ಸೀರೆಯುದ್ದಕ್ಕೂ ಮರಳಿ ಮರಳಿ ಬರುತ್ತದೆ.

ಫ್ರಾನ್ಸಿನ ಜೀನ್ ಪಿಯರ್ ಚಾರಾಸ್ 1992ರಲ್ಲಿ ಆರಂಭಿಸಿದ ಕೈಕ್ಯಾಡ್ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಬಡ ವಿದ್ಯಾರ್ಥಿಗೆ ಅದೊಂದು ವರ. ಡಿಸೆಂಬರ್ 2021ರಲ್ಲಿ ಬಂದ ಅದರ ಆರನೆಯ ಆವೃತ್ತಿಯಿಂದ ಸಂಕೇತದ ಪ್ರತಿ ನಕ್ಷೆಯೊಳಗೇ ಉಳಿಯುತ್ತದೆ. ಭಂಡಾರ ಕಳೆದುಹೋದರೂ ಹಳೆಯ ನಕ್ಷೆ ತೆರೆಯುವುದು ಇದರ ಗುಣ. ಭಂಡಾರದಲ್ಲಿ ತಿದ್ದಿದ ತಪ್ಪು ಹಳೆಯ ನಕ್ಷೆಯಲ್ಲಿ ತಾನಾಗಿ ತಿದ್ದಿಹೋಗದಿರುವುದು ಇದರ ಇನ್ನೊಂದು ಮುಖ. ಆದಕಾರಣ ಆರಂಭದ ಶುದ್ಧಿಯೇ ಮುಖ್ಯ.

ವಿದ್ಯಾರ್ಥಿಗಳು ಸ್ವತಃ ಸಂಕೇತ ರಚಿಸಿಯೇ ಕಲಿಯಬೇಕೆಂಬ ವಾದವನ್ನು ನಾನು ಒಪ್ಪುತ್ತೇನೆ. ರಚಿಸಲಿ; ಆದರೆ ಪರಿಶೀಲನೆಯಾಗದೆ ಅದು ಸಾಮಾನ್ಯ ಭಂಡಾರವನ್ನು ಸೇರಕೂಡದು. ಸ್ವಂತ ಸಂಕೇತಗಳನ್ನು ತಂತ್ರಾಂಶದೊಡನೆ ಬಂದ ಭಂಡಾರದಲ್ಲಿ ಬೆರೆಸದೆ ಪ್ರತ್ಯೇಕವಾಗಿಡಬೇಕು. ಪ್ರತಿಯೊಂದರೊಡನೆ ತಯಾರಕರ ಮಾಹಿತಿ ಪತ್ರ, ರಚಿಸಿದವನ ಹೆಸರು, ದಿನಾಂಕ ಇರಬೇಕು. ರಚಿಸಿದವನಲ್ಲದೆ ಇನ್ನೊಬ್ಬನು ಪಿನ್ನು ಪಿನ್ನನ್ನೂ ಮಾಹಿತಿ ಪತ್ರದೊಡನೆ ಹೋಲಿಸಿ ರುಜು ಹಾಕಬೇಕು. ಆಕೃತಿಗಳಿಗೆ ಒಂದೇ ಪದ್ಧತಿಯನ್ನು ಅನುಸರಿಸಬೇಕು. ಇವೆಲ್ಲಕ್ಕೂ ಒಬ್ಬ ಉಪಾಧ್ಯಾಯರು ಹೊಣೆಗಾರರಾಗಿರಬೇಕು.

ಪುಸ್ತಕಗಳನ್ನು ದಾನ ಮಾಡಿದವರು ಗ್ರಂಥಪಾಲಕನ ಅಗತ್ಯವನ್ನು ಬಲ್ಲರು. ಗಣಕಯಂತ್ರಗಳನ್ನು ಕೊಡುವ ಉದಾರಿಗಳು ಈ ಕೆಲಸಕ್ಕೆ ಉಪಾಧ್ಯಾಯರಿಗೆ ವಾರಕ್ಕೆ ಕೆಲವು ಗಂಟೆಗಳ ಬಿಡುವು ದೊರೆಯುವಂತೆಯೂ ನೆರವಾಗಲಿ. ವಿದ್ಯಾರ್ಥಿ ಸಂಸ್ಥೆಯನ್ನು ಬಿಟ್ಟು ಹೋಗುತ್ತಾನೆ; ಅವನು ಬಿಟ್ಟ ಸಂಕೇತ ಮುಂದಿನವನ ಕೈಯಲ್ಲಿ ಕೆಲಸ ಮಾಡುತ್ತದೆ. ಅದು ನಂಬಿಕೆಗೆ ಅರ್ಹವಾಗಿರುವಂತೆ ನೋಡಿಕೊಳ್ಳುವುದು ಸಂಸ್ಥೆಯ ಕರ್ತವ್ಯ.